ಹಗ್ಗ ಒರೆಸುವ ಬಟ್ಟೆ

ಬಡಾಯಿ ಅಂದುಕೊಳ್ಳಬೇಡಿ, ಅನುಮಾನಪಡುವುದರಲ್ಲಿ ನನ್ನನ್ನು ಮೀರಿಸುವವರು ಪಾಂಡವಪುರ ತಾಲ್ಲೂಕಿನಲ್ಲೇ ಇಲ್ಲ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಬಸ್ಸಿಳಿದು ಮನೆಗೆ ವಾಪಸ್ಸು ಬಂದವನು ನಾನು. ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ನಮ್ಮ ಬೆಟ್ಟದ ರೋಪ್‌ವೇಯವರು ಇದೇ ಕಾಯಿಲೆಗೆ ಸಂಬಳ ಕೊಟ್ಟು ಮೇಲ್ವಿಚಾರಕ ಎಂದು ಹೆಸರಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಜನ ತೊಟ್ಟಿಲು ಹತ್ತುವ ಮೊದಲು ಉಕ್ಕಿನ ಹಗ್ಗವನ್ನು ನಿಧಾನವಾಗಿ ಓಡಿಸಿ, ಕೋಲಿಗೆ ಕಟ್ಟಿದ ಹಳೇ ಬಟ್ಟೆಯನ್ನು ಅದಕ್ಕೆ ತಾಗಿಸುತ್ತೇವೆ. ಒಂದೆಳೆ ತಂತಿ ಕಡಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಓಡಾಟ ಬಂದ್. ಬೆಟ್ಟದ ಮೇಲಿನ ದೇವರೇ ಇಳಿದು ಬಂದು ಟಿಕೆಟ್ ಕೇಳಿದರೂ ಬಂದ್!

ಕೆ.ಆರ್.ಪೇಟೆಯ ನನ್ನ ಅಕ್ಕನಿಗೆ ಎರಡೂ ಮಂಡಿ ನೋವು. ಮಗಳ ಮದುವೆಯನ್ನು ಊರಿನ ಛತ್ರದಲ್ಲೇ ಮಾಡುತ್ತೇನೆಂದವಳನ್ನು, "ಬೆಟ್ಟದ್ ಮ್ಯಾಲ್ ಮಾಡಕ್ಕ, ನಾನಿಲ್ವಾ, ರಾಣಿ ಅಂಗೆ ಕರ್ಕೊಂಡೋಯ್ತೀನಿ" ಎಂದು ಒಪ್ಪಿಸಿದವನು ನಾನೇ. ಮದುವೆಯ ದಿನ ಬೆಳಿಗ್ಗೆ ಬಟ್ಟೆ ಚರ್ರೆಂದು ಹರಿಯಿತು. ಅಕ್ಕನ ಮಂಡಿ ನೆನಪಾಯಿತು. ಆದರೂ ನಿಲ್ಲಿಸಿದೆ.

"ನನ್ ಮಗ್ಳ ತಾಳಿ ನಾನೇ ನೋಡ್ಬಾರ್ದೇನ್ಲಾ?" ಎಂದು ಅಕ್ಕ ಅತ್ತೇಬಿಟ್ಟಳು.

"ಮೂರ್ತ ಇನ್ನೊಂದು ಸಿಕ್ತದೆ ಕಣಕ್ಕ, ಜೀವ ಸಿಕ್ಕಾಕಿಲ್ಲ" ಎಂದೆ. ಕೊನೆಗೆ ಗಂಡಿನ ಕಡೆಯ ನಾಲ್ವರು ಅವಳನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ತು ಮೆಟ್ಟಿಲು ಹತ್ತಿದರು. ಅವಳು ದಾರಿಯುದ್ದಕ್ಕೂ ನನಗೆ ಹಿಡಿಶಾಪ ಹಾಕಿದ್ದು ಕೆಳಗಿನವರೆಗೂ ಕೇಳುತ್ತಿತ್ತು.

ನಾನೂ ಮೆಕ್ಯಾನಿಕ್ ಅನ್ಸರ್ ಭಾಯಿಯೂ ಹಗ್ಗವನ್ನು ಅಂಗುಲ ಅಂಗುಲ ನೋಡಿದೆವು. ಒಂದು ಎಳೆಯೂ ಕಡಿದಿರಲಿಲ್ಲ. ಬಟ್ಟೆಯನ್ನು ನೋಡಬೇಕೆಂದು ಇಷ್ಟು ದೊಡ್ಡ ಅನುಮಾನದವನಾದ ನನಗೆ ಹೊಳೆಯಲೇ ಇಲ್ಲ. ನೋಡಿದವನು ಅನ್ಸರ್. "ಯಾ ಅಲ್ಲಾ! ಸಾರ್, ಸಿಕ್ಕಾಕೊಂಡಿದ್ದು ತಂತಿ ಅಲ್ಲ, ಭಾಬಿ ರವಿಕೆ ಹುಕ್ಕು" ಎಂದ. ಆ ದಿನ ಚಿಂದಿ ಡಬ್ಬ ಖಾಲಿಯಾಗಿತ್ತು. ನಾನೇ ಮನೆಯಿಂದ ಹೆಂಡತಿಯ ಹಳೇ ಬಟ್ಟೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ತಂದಿದ್ದೆ.

ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣವೆಂದು, ಹುಕ್ಕನ್ನು ಜೇಬಿಗೆ ಹಾಕಿಕೊಂಡು ಬೆಟ್ಟ ಹತ್ತಿದೆ. ತಾಳಿ ಕಟ್ಟಿ ಆಗಷ್ಟೇ ಮುಗಿದಿತ್ತು. ಕಣ್ತುಂಬ ನೋಡಿದ ಸಂತೋಷದಲ್ಲಿ ಅಕ್ಕ ನನ್ನನ್ನು ತಬ್ಬಿಕೊಂಡು, "ನಮ್ ತಮ್ಮ ನಮ್ಮುನ್ನೆಲ್ಲಾ ಉಳುಸ್ಬುಟ್ಟ ಕಣ್ರಪ್ಪಾ!" ಎಂದು ಬೀಗರ ಮುಂದೆ ಕೂಗಿದಳು. ಬೀಗರು ಕೈಮುಗಿದರು. ಅಷ್ಟು ಜನ ಕೈಮುಗಿದಾಗ ಹುಕ್ಕಿನ ಮಾತು ಹೇಗೆ ತೆಗೆಯುವುದು ಹೇಳಿ? ಸಾಲದ್ದಕ್ಕೆ, ಕೆಳಗಿಳಿದ ಮೇಲೆ ಜೀವ ಉಳಿಸಿದ ಆ ಬಟ್ಟೆ ತನಗೇ ಬೇಕೆಂದು ಹಟ ಹಿಡಿದು ತೆಗೆದುಕೊಂಡು ಹೋದಳು.

ನಿಲ್ಲಿಸಿದ್ದು ಮಾತ್ರ ಸರಿಯೇ. ನಾಳೆ ಸಿಕ್ಕಿಕೊಂಡರೂ ನಿಲ್ಲಿಸುತ್ತೇನೆ. ಆದರೆ ಮೊನ್ನೆ ಹೆಂಡತಿಯ ಜೊತೆ ಅಕ್ಕನ ಮನೆಗೆ ಹೋಗಿದ್ದೆ. ದೇವರ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡಿದ್ದ ಚಿಂದಿಯನ್ನು ಇವಳು ದಿಟ್ಟಿಸಿ ನೋಡಿ, "ರೀ, ಇದು ನನ್ ಹಸಿರು ರವಿಕೆ ಅಲ್ವಾ?" ಎಂದಳು. ನಾನು ಸುಳ್ಳು ಹೇಳಲಿಲ್ಲ. ಅಕ್ಕನಿಗೆ ಕೇಳದಂತೆ ಆ ಕೋಣೆಯ ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ, ಹೌದು ಅಂದೆ.