ಮಾವನವರು ಆರಿಸಿದ ಸ್ಪೀಕರು

ನಮ್ಮ ಮನೆಗೆ ಯಾವ ಸಾಮಾನು ಬರಬೇಕಾದರೂ ಮೊದಲು ಒಂದು ಪ್ರಶ್ನೆಯನ್ನು ದಾಟಿಯೇ ಹೊಸ್ತಿಲು ದಾಟಬೇಕು: ಎಷ್ಟು ವರ್ಷ ಬಾಳಿಕೆ ಬರುತ್ತದೆ? ಕೊಡೆ ಮಳೆ ತಡೆಯುತ್ತದೆಯೇ, ಚಪ್ಪಲಿ ಕಾಲಿಗೆ ಹಿತವಾಗಿದೆಯೇ ಎಂಬುದೆಲ್ಲ ಆಮೇಲಿನ ಮಾತು. ಈ ಕಾನೂನು ಮಾಡಿದವರು ದಾವಣಗೆರೆಯ ನಮ್ಮ ಮಾವನವರು. ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ಜಾರಿಯಲ್ಲಿಟ್ಟಿದ್ದವಳು ಅವರ ಮಗಳು, ಅಂದರೆ ನನ್ನ ಹೆಂಡತಿ ಗಿರಿಜೆ. ಮಗಳಿಗೆ ಗಂಡು ನೋಡಲು ಬಂದ ದಿನ ಮಾವನವರು ನನ್ನ ಸಂಬಳ ಎಷ್ಟೆಂದು ಕೇಳಲಿಲ್ಲ. ನಮ್ಮ ತಾತ ಯಾವ ವಯಸ್ಸಿನಲ್ಲಿ ಲಿಂಗೈಕ್ಯರಾದರು, ಆಗ ಬಾಯಲ್ಲಿ ಹಲ್ಲುಗಳಿದ್ದವೇ ಎಂದು ವಿಚಾರಿಸಿದರು. ಉತ್ತರ ತೃಪ್ತಿಕರವಾಗಿದ್ದಿರಬೇಕು, ಮದುವೆಯಾಯಿತು.

ಇಂಥ ಮನೆಯಲ್ಲಿದ್ದುಕೊಂಡು ನನಗೆ ಸ್ಟೀರಿಯೋದ ಹುಚ್ಚು ಹಿಡಿಯಿತು. ತಪ್ಪೆಲ್ಲ ನನ್ನ ಆಫೀಸಿನ ಗೆಳೆಯ ಶೇಷಗಿರಿಯದು. ಬಸವೇಶ್ವರನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ. ಒಂದು ಭಾನುವಾರ ಕಾಫಿಗೆ ಕರೆದು, ನೆಲದ ಮೇಲೇ ನಿಲ್ಲುವ ಸೊಂಟದೆತ್ತರದ ಎರಡು ಸ್ಪೀಕರುಗಳ ಎದುರಿಗೆ ನನ್ನನ್ನು ಕೂರಿಸಿ ವೀಣೆಯ ರೆಕಾರ್ಡೊಂದನ್ನು ಹಾಕಿದ. ತಂತಿಯ ಮೇಲೆ ಬೆರಳು ಜಾರುವ ಸದ್ದು ಕೇಳಿಸಿತು. ನುಡಿಸುವವರು ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಮನೆಗೆ ಬಂದು ನಮ್ಮ ಹಳೇ ರೇಡಿಯೋ ಹಾಕಿದರೆ, ಅದರಲ್ಲಿ ಬರುತ್ತಿದ್ದ ವೀಣೆ ಎಣ್ಣೆ ಡಬ್ಬಿಯೊಳಗೆ ಕೂತು ನುಡಿಸಿದ ಹಾಗಿತ್ತು. ನನ್ನದೇ ಮನೆಯಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತು ಒಂದು ರೆಕಾರ್ಡನ್ನು ಮೊದಲಿಂದ ಕೊನೆಯವರೆಗೆ ಹಾಗೆ ಕೇಳಬೇಕು, ಬದುಕಿನಲ್ಲಿ ಅಷ್ಟಾದರೆ ಸಾಕು ಅನ್ನಿಸಿಬಿಟ್ಟಿತು.

"ತರೋದಾದ್ರೆ ತನ್ನಿ," ಎಂದಳು ಗಿರಿಜೆ. "ಆದ್ರೆ ಒಂದ್ಸಲ ತಂದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ಬೇಕು. ಅಪ್ಪ ಬರ್ಲಿ, ಅವರೇ ಆರಿಸ್ಲಿ." ಆಗ ನಮಗಿದ್ದದ್ದು ಇನ್ನೂ ಸರಿಯಾಗಿ ಮಾತು ಬಾರದ ಒಬ್ಬ ಮಗಳು. ಅವಳ ಮಕ್ಕಳಿಗೆ ವೀಣೆಯಲ್ಲಿ ಆಸಕ್ತಿ ಇರುತ್ತದೋ ಇಲ್ಲವೋ ಎಂದು ನಾನು ವಾದಿಸಲಿಲ್ಲ. ಬೇಡ ಅನ್ನಲಿಲ್ಲವಲ್ಲ, ಅದೇ ದೊಡ್ಡದು.

ಮಾವನವರು ಬಂದರು. ಪೇಟೆಯ ಅಂಗಡಿಗೆ ಹೋದೆವು. ಅಂಗಡಿಯವನು ನಗುನಗುತ್ತಾ ರೆಕಾರ್ಡು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಮಾವನವರು ಕೈ ಎತ್ತಿದರು. "ಮೊದ್ಲು ಅದನ್ನ ಬಂದ್ ಮಾಡ್ರಿ. ಈ ಗದ್ಲದಾಗೆ ಸಾಮಾನು ನೋಡಾದು ಹೆಂಗೆ?" ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಆಮೇಲೆ ನಡೆದದ್ದೆಲ್ಲ ಮೌನದಲ್ಲೇ ನಡೆಯಿತು. ಮಾವನವರು ಸ್ಪೀಕರುಗಳಿಗೆ ಒಂದು ಸುತ್ತು ಬಂದರು, ತೆಂಗಿನಕಾಯಿಗೆ ಬಡಿಯುವಂತೆ ಗೆಣ್ಣಿನಿಂದ ಬಡಿದರು, ಬಗ್ಗಿ ಹಿಂಬದಿಯನ್ನು ಮೂಸಿದರು. ನನ್ನ ಕಿವಿಗೆ ಹಿತವಾಗಿ ಕೇಳಿಸಿದ್ದ ಜೋಡಿಯಲ್ಲಿ ಒಂದನ್ನು ಒಂದೇ ಕೈಯಲ್ಲಿ ಎತ್ತಿ, "ಟೊಳ್ಳು" ಎಂದು ಪಕ್ಕಕ್ಕಿಟ್ಟರು.

"ಇದು ಯಾವ ಮರ?" ಎಂದು ಇನ್ನೊಂದು ಜೋಡಿಯನ್ನು ತೋರಿಸಿ ಕೇಳಿದರು.

"ಸಾರ್, ಮರಕ್ಕಿಂತ ಒಳಗಿರೋ ಮಷಿನ್ನು ಮುಖ್ಯ. ಸೌಂಡು ಬರೋದೇ ಅದ್ರಿಂದ."

"ಅದಿರ್ಲಿ ಬಿಡ್ರಿ. ಒಳಗಿಂದು ಕೆಟ್ರೆ ತೆಗೆದು ಬೇರೆ ಹಾಕಿದ್ರಾತು. ಮರ ಯಾವ್ದು ಹೇಳ್ರಿ."

ಅಂಗಡಿಯವನು ಬುದ್ಧಿವಂತ. ಅಲ್ಲಿಗೆ ಸಂಗೀತದ ಮಾತು ಬಿಟ್ಟ. "ಅಪ್ಪಟ ತೇಗ ಸಾರ್. ನಿಮ್ಮಂಥೋರು ಇಬ್ರು ಮೇಲೆ ಹತ್ತಿ ನಿಂತ್ರೂ ಅಲ್ಲಾಡಲ್ಲ." ಮಾವನವರು ನಿಲ್ಲಲಿಲ್ಲ, ಪಂಚೆ ಸರಿಮಾಡಿಕೊಂಡು ಅದರ ಮೇಲೆ ಕೂತರು. ಕೂತು ಒಮ್ಮೆ ಆಕಡೆ, ಒಮ್ಮೆ ಈಕಡೆ ವಾಲಿ ನೋಡಿದರು. ಕಿರ್ ಎನ್ನಲಿಲ್ಲ. ಶಬ್ದವನ್ನೇ ಮಾಡದ ಸ್ಪೀಕರು ಎಂಬ ಕಾರಣಕ್ಕೆ ಅದು ಪಾಸಾಯಿತು. ಜಟಕಾದಲ್ಲಿ ಎರಡು ಸ್ಪೀಕರುಗಳ ನಡುವೆ ಅವುಗಳ ಹೆಗಲ ಮೇಲೆ ಕೈ ಹಾಕಿಕೊಂಡು ಮಾವನವರು ಕೂತರು. ಜೊತೆಗೆ ಕೊಂಡ ರೆಕಾರ್ಡ್ ಪ್ಲೇಯರನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಮಾಗಡಿ ರಸ್ತೆಯುದ್ದಕ್ಕೂ ನಾನು ಹಿಂದೆ ಸೈಕಲ್ ತುಳಿದೆ.

ಮನೆಯಲ್ಲಿ ಆರತಿಯಾಯಿತು, ಎರಡಕ್ಕೂ ವಿಭೂತಿ ಹಚ್ಚಿ ಹೂವು ಮುಡಿಸಿದ್ದಾಯಿತು. ವಾರದೊಳಗೆ ಗಿರಿಜೆ ದಪ್ಪ ಬಟ್ಟೆಯಲ್ಲಿ ಕತ್ತಿನಿಂದ ಪಾದದವರೆಗೆ ಗುಂಡಿಗಳಿರುವ ಗವುಸು ಹೊಲಿದಳು. ನನ್ನ ಸ್ವಂತ ಕೋಟಿಗೆ ಅಷ್ಟು ಗುಂಡಿಗಳಿರಲಿಲ್ಲ. ಊರಿಗೆ ಹೊರಡುವಾಗ ಮಾವನವರು ಬುದ್ಧಿ ಹೇಳಿದರು: "ದಿನಾ ಹಚ್ಬ್ಯಾಡ್ರಿ ಅಳಿಯಂದ್ರೇ. ದಿನಾ ಕೂಗಿದ್ರೆ ಮನುಷ್ಯರ ಗಂಟ್ಲೇ ಕಟ್ತೈತಿ. ಹಬ್ಬಕ್ಕೊಮ್ಮೆ ಸಾಕು." ಹಾಗೆಯೇ ಆಯಿತು. ಹಬ್ಬದ ದಿನ ಗವುಸಿನ ಸಮೇತ, ಸಣ್ಣ ದನಿಯಲ್ಲಿ ಒಂದು ಹಾಡು. ಕಂಬಳಿ ಹೊದ್ದುಕೊಂಡವರು ಒಳಗಿಂದ ಏನೋ ಗೊಣಗಿದಂತೆ ಕೇಳುತ್ತಿತ್ತು. ಕೇರಿಯವರೆಲ್ಲ ಬಂದು ನೋಡಿಕೊಂಡು ಹೋದರು, ಕೇಳಿದವರು ಯಾರೂ ಇಲ್ಲ. ಎದುರು ಮನೆಯ ಮೇಷ್ಟ್ರಿಗೆ "ಹಾಕ್ಲಾ ಸಾರ್?" ಎಂದರೆ ಗಾಬರಿಯಾಗಿ, "ಛೆ ಛೆ, ನನಗೋಸ್ಕರ ಯಾಕೆ ಸುಮ್ನೆ ಹಾಳು ಮಾಡ್ತೀರಿ" ಎಂದು ಎದ್ದೇಬಿಟ್ಟರು. ಹೀಗೆ ರಾಜಾಜಿನಗರದ ಅತ್ಯಂತ ಗಟ್ಟಿಮುಟ್ಟಾದ ಸ್ಪೀಕರುಗಳ ಮಾಲೀಕನಾದ ನಾನು, ವೀಣೆ ಕೇಳಬೇಕೆನಿಸಿದಾಗ ಶೇಷಗಿರಿಯ ಮನೆಗೆ ಹೋಗುತ್ತಿದ್ದೆ.

ಕೊನೆಗೂ ಒಂದು ದಿನ ಗಿರಿಜೆ ಮಗಳನ್ನು ಕರೆದುಕೊಂಡು ತವರಿನ ಕಡೆಯ ಮದುವೆಗೆ ಹೋದಳು. ರೈಲು ಹತ್ತಿಸಿ ಓಡೋಡಿ ಬಂದು ಬಾಗಿಲ ಅಗುಳಿ ಹಾಕಿದೆ. ಗವುಸು ಕಳಚಿ, ಶೇಷಗಿರಿಯಿಂದ ತಂದಿದ್ದ ವೀಣೆಯ ರೆಕಾರ್ಡು ಹಾಕಿ, ಕುರ್ಚಿ ಎಳೆದುಕೊಂಡು ಕೂತೆ. ಬೆರಳಿನ ಸದ್ದು ಬಂತು. ಉಸಿರಿನ ಸದ್ದೂ ಬಂತು. ಸುಳ್ಳು ಹೇಳಬಾರದು, ಕಣ್ಣಲ್ಲಿ ನೀರು ಬಂತು. ಮಾವನವರ ತೇಗಕ್ಕೆ ಮನಸ್ಸಿನಲ್ಲೇ ಕೈ ಮುಗಿದು, ಪ್ರೀತಿಯಿಂದ ಸ್ಪೀಕರಿನ ನೆತ್ತಿ ಸವರಿದೆ. ಆಗ ಗೊತ್ತಾಯಿತು, ಅದು ನಡುಗುತ್ತಿತ್ತು. ಹೀಗೇ ನಡುಗಿದರೆ ಮೂಲೆಯ ಸಂದು ಬಿಡುವುದಿಲ್ಲವೇ? ದನಿ ಸ್ವಲ್ಪ ತಗ್ಗಿಸಿದೆ. ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ನೇರವಾಗಿ ಅದರ ಮುಖಕ್ಕೇ ಹೋಗುತ್ತಿರುವುದು ಕಂಡಿತು. ಕಿಟಕಿ ಮುಚ್ಚಿದೆ. ಆಮೇಲೆ ವೀಣೆ ಎಲ್ಲಿಗೆ ಬಂತೋ ನನಗೆ ತಿಳಿಯದು, ನನ್ನ ಕಿವಿಯೆಲ್ಲ ಪೆಟ್ಟಿಗೆಯ ಮೇಲಿತ್ತು. ಇನ್ನೂ ತಗ್ಗಿಸಿದೆ. ಕೊನೆಗೆ ರೆಕಾರ್ಡು ಅರ್ಧಕ್ಕೇ ನಿಲ್ಲಿಸಿ ಗವುಸು ತೊಡಿಸಿದ ಮೇಲೆಯೇ ಸಮಾಧಾನವಾದದ್ದು.

ಊರಿಂದ ಬಂದ ಗಿರಿಜೆ ಚೀಲ ಇಳಿಸುವ ಮೊದಲೇ ಗುಂಡಿಗಳು ಅದಲುಬದಲಾಗಿದ್ದನ್ನು ಕಂಡುಹಿಡಿದಳು. "ಹಾಕಿದ್ರಾ?"

"ಸ್ವಲ್ಪ ಹೊತ್ತು," ಎಂದೆ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ನನ್ನ ಕುರ್ಚಿಯಲ್ಲಿ ಕೂತು, "ಹೇಗಿತ್ರೀ?" ಎಂದಳು. ಹೇಳಿದೆ. ಬೆರಳು ಜಾರುವುದನ್ನು ಹೇಳಿದೆ, ಉಸಿರನ್ನು ಹೇಳಿದೆ.

"ನಂಗೂ ಒಂದ್ಸಲ ಹಾಗೆ ಕೇಳ್ಬೇಕು ಅಂತ ಎಷ್ಟು ಆಸೆ ಗೊತ್ತಾ? ಅಪ್ಪನ ಮುಂದೆ ಹೇಳೋಕಾಗ್ಲಿಲ್ಲ. ಈಗ ಹಾಕಿ, ಗವುಸು ತೆಗೆದು ಜೋರಾಗೇ ಹಾಕಿ," ಎಂದು ಗುಂಡಿಗೆ ಕೈ ಹಾಕಿದಳು.

ನಾನು ಅವಳ ಕೈ ಹಿಡಿದುಕೊಂಡೆ. "ಸುಮ್ನಿರೇ, ಸುಮ್ಸುಮ್ನೆ ಯಾಕೆ? ಯುಗಾದಿಗೆ ಹಾಕಿದ್ರಾಯ್ತು," ಎಂದೆ.

ಆ ವರ್ಷದ ಯುಗಾದಿ ಮುಗಿದು ಆಗಿನ್ನೂ ಒಂದು ವಾರವಾಗಿತ್ತು.