ಮಾಯಿಲಪ್ಪನ ಬಲಗಣ್ಣು

ಒಂದಾನೊಂದು ಕಣ್ಣಿನಲ್ಲಿ ಇಬ್ಬರು ಕಳ್ಳರು ವಾಸವಾಗಿದ್ದರಂತೆ. ಕಣ್ಣು ದರ್ಬೆಯ ಟೈಲರ್ ಮಾಯಿಲಪ್ಪನದು. ಕಾಲ, ಮಂಗಳೂರಿನ ಕಣ್ಣಿನ ಡಾಕ್ಟರಮ್ಮ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಪುತ್ತೂರಿಗೆ ಬರುತ್ತಿದ್ದ ಅರವತ್ತೆರಡನೇ ಇಸವಿ.

“ಒಬ್ಬ ಪೊರೆ. ಅವ ಕದ್ದದ್ದು ವಾಪಸ್ ಸಿಗ್ತದೆ,” ಎಂದರು ಡಾಕ್ಟರಮ್ಮ. “ಇನ್ನೊಬ್ಬ ಗ್ಲಾಕೋಮ, ಕಣ್ಣೊಳಗಿನ ಒತ್ತಡ. ಅವ ಕದ್ದದ್ದು ಹೋದ ಹಾಗೆಯೇ. ಪೊರೆ ಮಾತ್ರ ತೆಗೀಬಹುದು, ಎರಡಕ್ಕೂ ಒಟ್ಟಿಗೆ ಆಪರೇಷನ್ ಮಾಡಬಹುದು, ಇಲ್ಲದಿದ್ದರೆ ಮೊದಲು ಒತ್ತಡ ಇಳಿಸಿ ಪೊರೆ ಆಮೇಲೆ. ಸಂಜೆ ನಾಲ್ಕು ಗಂಟೆಯೊಳಗೆ ಯೋಚಿಸಿ ಹೇಳಿ.”

ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣೂ ಹೋದರೆ ಮೆಷಿನ್ನು ಮಾರಬೇಕು. ಇವತ್ತು ಒಪ್ಪಿಗೆಪತ್ರಕ್ಕೆ ಸಹಿ ಹಾಕಿಯೇ ಬರುತ್ತೇನೆಂದು ಅವನು ಹೆಂಡತಿ ಶೀಲಾವತಿಗೆ ಮಾತು ಕೊಟ್ಟಿದ್ದ.

ಅಂಗಡಿಗೆ ಬಂದು ಬಾಯಿಬಿಟ್ಟದ್ದೇ ತಪ್ಪಾಯಿತು.

“ಪೊರೆ ತೆಗೆಸಿ ಮಾರಾಯ್ರೆ,” ಎಂದಳು ಪಕ್ಕದ ಹೋಟೆಲಿನ ತಿಮ್ಮಕ್ಕ. “ಕಾಣುದು ಮುಖ್ಯ. ಮೊನ್ನೆ ನನ್ನ ರವಕೆಗೆ ಮೂರು ತೋಳು ಇಟ್ಟಿದ್ದೀರಿ.”

“ಎರಡೂ ಒಟ್ಟಿಗೇ ಮಾಡಿಸುದು,” ಎಂದ ಅಂಗಿ ಹೊಲಿಸಲು ಕಡಬದಿಂದ ಬಂದಿದ್ದ ಕುರಿಯನ್. “ಒಂದೇ ಕೆಲಸಕ್ಕೆ ಎರಡು ಸಲ ಬಸ್ಸು ಹತ್ತುವ ಕಷ್ಟ ನನಗೆ ಗೊತ್ತುಂಟು.”

“ಕಣ್ಣು ನನ್ನದಾ ನಿಮ್ಮದಾ?”

“ಕಣ್ಣು ನಿಮ್ಮದೇ. ಅಂಗಿ ನನ್ನದು.”

ಮೂರೂವರೆಯಾದರೂ ಮಾತು ಮುಗಿಯಲಿಲ್ಲ. ಕೊನೆಗೆ ದೇವರ ಮೇಲೆ ಬಿಡುವುದೆಂದಾಯಿತು. ಮಾಯಿಲಪ್ಪ ಕಾಗದಕ್ಕೆ ಮೂಗು ತಾಗಿಸಿ ಮೂರು ಚೀಟಿ ಬರೆದು, ಮಡಚಿ ಟೊಪ್ಪಿಗೆ ಹಾಕಿದ. ತಿಮ್ಮಕ್ಕ ಒಂದನ್ನು ಎತ್ತಿ ಬಿಡಿಸಿದಳು.

“ನೋಡಿ, ಪೊರೆ ಅಂತಲೇ ಉಂಟು.” ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಕುರಿಯನ್ ಕಿತ್ತುಕೊಂಡ. “ಎಲ್ಲಿ ಪೊರೆ? ಒಟ್ಟಿಗೆ ಅಂತ ಬರೆದದ್ದು.” ಅವನಿಗೆ ಮಲಯಾಳದ ಅಕ್ಷರ ಮಾತ್ರ ಗೊತ್ತು.

ಮಾಯಿಲಪ್ಪ ಚೀಟಿ ಕಸಿದು, ಮೆಷಿನ್ನಿನಿಂದ ಜಾರಿದ ನೂಲಿನುಂಡೆಯಂತೆ ಡಾಕ್ಟರಮ್ಮನ ಬಳಿಗೆ ಉರುಳಿಕೊಂಡು ಓಡಿದ. ಇವರಿಬ್ಬರೂ ಬೆನ್ನಿಗೇ ಬಂದು ಜಗಲಿಯಲ್ಲಿ ನಿಂತರು.

ಡಾಕ್ಟರಮ್ಮ ಚೀಟಿಯನ್ನು ಎರಡೂ ಬದಿ ತಿರುಗಿಸಿದರು. “ಇದರಲ್ಲಿ ಎಂತದೂ ಇಲ್ಲವಲ್ಲ.”

ಬಿಳಿ ಕಾಗದದ ಮೇಲೆ ಮಾಯಿಲಪ್ಪ, ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣದಲ್ಲಿ ಬರೆದಿದ್ದ.

“ನಿಮ್ಮದೇ ಕಣ್ಣಾದರೆ ಎಂತ ಮಾಡ್ತಿದ್ರಿ?” ಎಂದು ಸೋತು ಕೇಳಿದ.

“ಈ ಕಣ್ಣಿಗೆ ಮೊದಲು ಒತ್ತಡ ಇಳಿಸುದು.”

“ಆಮೇಲೆ ಚಂದ ಕಾಣ್ತದಲ್ಲ?”

“ಇಲ್ಲ. ಈಗ ಎಷ್ಟು ಕಾಣ್ತದೋ ಅಷ್ಟೇ. ಇದ್ದದ್ದು ಉಳೀಲಿಕ್ಕೆ ಈ ಆಪರೇಷನ್. ಪೊರೆಗೆ ಮೂರು ತಿಂಗಳು ಬಿಟ್ಟು ಬನ್ನಿ.”

ಮಾಯಿಲಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯದೆ ನಗುವೇ ಬಂತು. ಜಗಲಿಯಲ್ಲಿ ಆಗಲೇ, ಮೂರು ತಿಂಗಳ ನಂತರ ಪೊರೆಯನ್ನು ಮಂಗಳೂರಿನಲ್ಲಿ ತೆಗೆಸುವುದೋ ಮಡಿಕೇರಿಯಲ್ಲೋ ಎಂಬ ಚರ್ಚೆ ಏರುತ್ತಿತ್ತು. ಅವನು ಎದ್ದು ಬಾಗಿಲು ಮುಚ್ಚಿ ಬಂದು, ಡಾಕ್ಟರಮ್ಮ ಬೆರಳಿಟ್ಟು ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಹಾಕಿದ.