ಪೆಡಲ್ ಮೇಲೆ ಕಾಲು, ಮೂಗಿನಲ್ಲಿ ಘಾಟು

ಹೆದರಿದೆ ಎಂದು ಬಾಯಿಬಿಟ್ಟು ಹೇಳುವ ಗಂಡಸರು ನಮ್ಮ ಕಡೆ ಕಡಿಮೆ. ನಾನು ಹೇಳಿಬಿಡುತ್ತೇನೆ, ಹೇಗೂ ಹೆಂಡತಿ ಹೇಳದೆ ಬಿಡುವುದಿಲ್ಲ. ಹಾವೇರಿಯಿಂದ ಹೊರಟು ಮೋಟೆಬೆನ್ನೂರಿನ ಹತ್ತಿರ ಮೆಣಸಿನಕಾಯಿ ಲಾರಿಯ ಹಿಂದೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ತಳಕ್ಕಿಳಿಯಿತು. ಮೇಲಿಂದ ಮೇಲೆ ತುಳಿದ ಮೇಲೆ ಕಾರು ನಿಂತಾಗ ಲಾರಿಯ ಚೀಲದ ಹೊಲಿಗೆಯನ್ನು ಕನ್ನಡಕವಿಲ್ಲದೆ ನೋಡಬಹುದಿತ್ತು. ಪಕ್ಕದಲ್ಲಿದ್ದ ಹೆಂಡತಿ ಶಾಂತವ್ವ ಬಗ್ಗಿ ನನ್ನ ಕಾಲನ್ನೇ ನೋಡಿದಳು. ಆ ನೋಟಕ್ಕೆ ಲಾರಿಗಿಂತ ಹೆಚ್ಚು ಹೆದರಿದೆ.

ತೆವಳುತ್ತಾ ಬ್ಯಾಡಗಿಯ ದಸ್ತಗೀರಸಾಬರ ಗ್ಯಾರೇಜು ಮುಟ್ಟಿದೆವು. ಅವರು ಮುಂದಿನ ಗಾಲಿ ಬಿಚ್ಚಿ ಒದ್ದೆಯಾಗಿದ್ದ ರಬ್ಬರ್ ಪೈಪು ತೋರಿಸಿದರು. "ಇದು ಸೀಳೇತ್ರಿ ಸರ. ಎಣ್ಣಿ ಸೋರೇತಿ, ಒಳಗ ಗಾಳಿ ಹೊಕ್ಕೇತಿ. ನೀವು ಒತ್ತಿದ್ರ ಗಾಳಿ ಕುಗ್ಗತೈತಿ, ಬ್ರೇಕ್ ಹಿಡಿಯೂದಿಲ್ಲ."

ಹೊಸ ಪೈಪು ಹಾಕಿ ಬ್ರೇಕ್ ಎಣ್ಣೆ ತುಂಬಿದರು. ಇನ್ನು ಗಾಳಿ ತೆಗೆಯಬೇಕು. ನಾನು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಅವರು ಗಾಲಿಯ ಬಳಿಯ ತಿರುಪು ಸಡಿಲಿಸಿ ಮತ್ತೆ ಬಿಗಿಯುವವರೆಗೆ ಕಾಲೆತ್ತಬಾರದು. "ಎತ್ತಿದ್ರ ಗಾಳಿ ತಿರಗಿ ಒಳಗ ಹೋಗತೈತಿ" ಎಂದರು. ಇಷ್ಟೂ ಬಾರದವನೇ ನಾನು ಎಂದು ಗತ್ತಿನಿಂದ ಕುಳಿತೆ. ಆದರೆ ಅದು ಮೆಣಸಿನಕಾಯಿ ಸುಗ್ಗಿ. ಚೀಲ ಹೇರಿದ ಟ್ರ್ಯಾಕ್ಟರ್ ಹಾದುಹೋಯಿತು, ಘಾಟು ಮೂಗಿಗೇರಿತು. ಹಲ್ಲು ಕಚ್ಚಿ ತಡೆದೆ. ಕಣ್ಣು ತುಂಬಿದವು. ಸೀನಿದೆ, ಕಾಲೂ ಎದ್ದಿತು.

"ಹೋತ್ರಿ. ಮತ್ತ ಮೊದಲಿಂದ" ಎಂದರು ಸಾಬರು. ಮತ್ತೆ ಶುರುಮಾಡಿದೆವು, ಮತ್ತೆ ಸೀನಿದೆ.

ಶಾಂತವ್ವ ಮೆಣಸಿನಕಾಯಿ ವ್ಯಾಪಾರಿಯ ಮಗಳು, ಆ ಘಾಟಿನಲ್ಲೇ ಬೆಳೆದವಳು. ನೆರಳಿನ ಬೆಂಚಿನಿಂದ ಎದ್ದು ಬಂದು ನನ್ನ ಕಡೆಯ ಬಾಗಿಲು ತೆಗೆದಳು. "ಇಳೀರಿ. ಇದರಾಗ ಕುಂತು ನಾ ಮನಿ ಮುಟ್ಟಬೇಕು."

"ಒತ್ರಿ ಅಕ್ಕಾರ. ಹಿಡೀರಿ. ಈಗ ಬಿಡ್ರಿ" ಎನ್ನುತ್ತಾ ಹೋದರು ಸಾಬರು. ಆಕೆಯ ಕಾಲು ಕದಲಲಿಲ್ಲ. ತಿರುಪಿಗೆ ಸಿಕ್ಕಿಸಿದ್ದ ನಳಿಕೆಯಿಂದ ಗುಳ್ಳೆಗಳು ಬಂದವು, ಆಮೇಲೆ ಬರೀ ತಿಳಿ ಎಣ್ಣೆ. ಪೆಡಲ್ ಗಟ್ಟಿಯಾಯಿತು. ಆಮೇಲೆ ಖಾಲಿ ರಸ್ತೆಯಲ್ಲಿ ನಾನೇ ಓಡಿಸಿ ಬ್ರೇಕ್ ಒತ್ತಿದೆ, ಕಾರು ಕಚ್ಚಿಕೊಂಡು ನಿಂತಿತು.

ಅಂದಿನಿಂದ ಎಲ್ಲಿಗೆ ಹೊರಟರೂ ಆಕೆ ಮೊದಲು ನನ್ನ ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ನೋಡುತ್ತಾಳೆ. ಅಲ್ಲಿಯವರೆಗೆ ನಾನು ಬಾಗಿಲು ಹಿಡಿದು ನಿಂತಿರುತ್ತೇನೆ. ಮೊನ್ನೆ ಎದುರುಮನೆಗೆ ಹೊಸದಾಗಿ ಬಂದ ಹೆಂಗಸು ಆಕೆಯನ್ನು ಕೇಳಿದ್ದು ಕಿವಿಗೆ ಬಿತ್ತು: "ನಿಮ್ಮ ಡ್ರೈವರ್ ಚಲೋ ನಡಸ್ತಾನೇನ್ರಿ?"

"ನಡಸ್ತಾನ್ರಿ" ಎಂದಳು ಶಾಂತವ್ವ. "ನಿಲ್ಲಸೂದು ನಾ ನೋಡ್ಕೊತೇನಿ."